ಹರ್ನಿಯಾ ಆಪರೇಷನ್ ಆದ ಮೇಲಿನ ನರನೋವು: ಮಂಗಳೂರು–ಮಣಿಪಾಲದ ಕಡೆ ಯಾವ ಚಿಕಿತ್ಸೆಗೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಗಾಯ ಮಾಗಿ ತಿಂಗಳುಗಳೇ ಆಗಿವೆ, ಹೊಲಿಗೆಯ ಗುರುತು ಮಾಸಿದೆ, ತೊಡೆಸಂದಿನ ಉರಿ ಮಾತ್ರ ಬಿಟ್ಟಿಲ್ಲ. ಸರ್ವಿಸ್ ಬಸ್ಸಿನ ಮೆಟ್ಟಿಲು ಹತ್ತುವಾಗ ಕರೆಂಟು ಹೊಡೆದ ಹಾಗೆ, ಚಡ್ಡಿಯ ಅಂಚು ತಾಗಿದರೆ ಕೆಂಡ ಸವರಿದ ಹಾಗೆ. ಇಂಥವರಿಗೆ ಮಂಗಳೂರು, ದೇರಳಕಟ್ಟೆ, ಉಡುಪಿ, ಮಣಿಪಾಲದ ಸುತ್ತ ಸಿಗುವ ಚಿಕಿತ್ಸೆಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಆಸ್ಪತ್ರೆಗಳ ಹೆಸರು ಹಿಡಿದು ಅಂಕ ಕೊಡಲು ಹೋಗಿಲ್ಲ. ಒಂದೇ ಆಸ್ಪತ್ರೆಯಲ್ಲಿ ಸೋಮವಾರದ ಓಪಿಡಿಗೂ ಗುರುವಾರದ ಓಪಿಡಿಗೂ ಅಜಗಜಾಂತರ ಇರಬಹುದು. ಅಂಕ ಕೊಟ್ಟಿರುವುದು ಚಿಕಿತ್ಸೆಗೆ, ಅದನ್ನು ಕೊಡುವ ಕ್ರಮಕ್ಕೆ.

ಆಪರೇಷನ್ ಆಗಿ 3 ತಿಂಗಳು ದಾಟಿದ ಮೇಲೂ ದಿನದ ಕೆಲಸಕ್ಕೆ ಅಡ್ಡ ಬರುವ ನೋವು ಇದ್ದರೆ ಅದನ್ನು ದೀರ್ಘಕಾಲದ ನೋವು ಎಂದು ಲೆಕ್ಕ ಹಿಡಿಯುತ್ತಾರೆ. 2018ರ ಅಂತರರಾಷ್ಟ್ರೀಯ ಹರ್ನಿಯಾ ಮಾರ್ಗಸೂಚಿಯ ಪ್ರಕಾರ ತೊಡೆಸಂದಿನ ಹರ್ನಿಯಾ ಆಪರೇಷನ್ ಆದವರಲ್ಲಿ ಶೇ. 10ರಿಂದ 12 ಮಂದಿಗೆ ಇದು ಬರುತ್ತದೆ. ಕೆಲಸವನ್ನೇ ಕೆಡಿಸುವಷ್ಟು ತೀವ್ರವಾಗುವುದು ಶೇ. 0.5ರಿಂದ 6 ಮಂದಿಗೆ. ಅಂದರೆ ಇದು ಅಪರೂಪದ ಕಾಯಿಲೆಯೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. "ಎಲ್ಲ ಸರಿಯಾಗಿದೆ, ನೀವು ಸುಮ್ಮನೆ ತಲೆಗೆ ಹಚ್ಚಿಕೊಂಡಿದ್ದೀರಿ" ಎಂಬ ಸಲಹೆಗೆ ಕೊಟ್ಟ ಫೀಸು ದಂಡವೇ. ಹಾಗೆಂದು ಗಾಬರಿಯಿಂದ ಚಾಕು ಹುಡುಕಿ ಹೋಗುವುದೂ ಬೇಡ, ಬಹಳ ಜನರಿಗೆ ಮೊದಲ ವರ್ಷದಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಇದಕ್ಕೆ ಒಂದು ಅಪವಾದ ಉಂಟು. ಅರಿವಳಿಕೆ ಇಳಿದ ಕೂಡಲೇ ತೊಡೆಗೆ ಹರಿಯುವ ಸಹಿಸಲಾಗದ ಚುಚ್ಚು ಶುರುವಾದರೆ ನರ ಹೊಲಿಗೆಗೋ ಮೆಶ್ (ಹರ್ನಿಯಾ ಮುಚ್ಚಲು ಇಡುವ ಬಲೆ) ಕೂರಿಸುವ ಟ್ಯಾಕರ್ ಮೊಳೆಗೋ ಸಿಕ್ಕಿರಬಹುದು. ಅದಕ್ಕೆ ತಿಂಗಳುಗಟ್ಟಲೆ ಕಾಯಬಾರದು, ಆಪರೇಷನ್ ಮಾಡಿದ ಸರ್ಜನ್ ಆಗಲೇ ನೋಡಬೇಕು.

ಮೊದಲ ಹೆಜ್ಜೆಗೆ ಹೆಚ್ಚು ಖರ್ಚಿಲ್ಲ, ಆದರೆ ಅದನ್ನು ಮಾಡುವವರೇ ಕಡಿಮೆ: ಆಪರೇಷನ್ ನೋಟ್ಸ್ ತರಿಸಿಕೊಳ್ಳುವುದು. ಡಿಸ್ಚಾರ್ಜ್ ಸಮರಿಯಲ್ಲಿ "ಹರ್ನಿಯೋಪ್ಲಾಸ್ಟಿ ಮಾಡಲಾಯಿತು" ಎಂದಷ್ಟೇ ಬರೆದಿದ್ದರೆ ಸಾಲದು. ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡಾವಳಿಯ 2002ರ ನಿಯಮವೇ ಹೇಳುತ್ತದೆ; ದಾಖಲೆ ಇಟ್ಟುಕೊಳ್ಳಬೇಕಾದ ಅವಧಿ ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ. ಹಾಗಾಗಿ ತಡ ಮಾಡಬೇಡಿ. ಅದರಲ್ಲಿ ನೋಡಬೇಕಾದದ್ದು: ತೆರೆದ ಆಪರೇಷನ್ನೋ ಸಣ್ಣ ತೂತುಗಳಿಂದ ಮಾಡುವ ಲ್ಯಾಪ್ರೋಸ್ಕೋಪಿಯೋ, ಮೆಶ್‌ನ ಅಳತೆ ಎಷ್ಟು, ಅದನ್ನು ಹೊಲಿದರೋ, ಟ್ಯಾಕರ್ ಹೊಡೆದರೋ, ಅಂಟು ಹಾಕಿದರೋ, ಮತ್ತು ಮೂರು ನರಗಳನ್ನು ಗುರುತಿಸಿದ್ದಾಗಿ ಬರೆದಿದೆಯೋ ಇಲ್ಲವೋ. ಮುಂದಿನ ಪ್ರತಿ ಸೂಜಿ ಎಲ್ಲಿ ಹೋಗಬೇಕೆಂಬುದು ಈ ಒಂದು ಹಾಳೆಯ ಮೇಲೆ ನಿಂತಿದೆ.

ಮೂರು ನರಗಳೆಂದರೆ ಇಲಿಯೋಇಂಗ್ವೈನಲ್, ಇಲಿಯೋಹೈಪೋಗ್ಯಾಸ್ಟ್ರಿಕ್ ಮತ್ತು ಜೆನಿಟೋಫೆಮೊರಲ್ ನರದ ಜನನಾಂಗದ ಕವಲು. ಮೊದಲನೆಯದು ಕೆಟ್ಟರೆ ತೊಡೆಯ ಒಳಮೇಲ್ಭಾಗ, ಶಿಶ್ನದ ಬುಡ, ವೃಷಣಚೀಲದ ಮುಂಭಾಗದಲ್ಲಿ ಉರಿ. ಎರಡನೆಯದಾದರೆ ಕಿಬ್ಬೊಟ್ಟೆಯ ಕೆಳಗೆ, ಗುಹ್ಯಾಸ್ಥಿಯ ಮೇಲುಗಡೆ. ಮೂರನೆಯದಾದರೆ ವೃಷಣಚೀಲದ ಚರ್ಮ; ಹೆಂಗಸರಿಗಾದರೆ ಯೋನಿಯ ಹೊರತುಟಿ. ಲ್ಯಾಪ್ರೋಸ್ಕೋಪಿಯಲ್ಲಿ ನಾಲ್ಕನೆಯದೊಂದು ಸೇರಿಕೊಳ್ಳುತ್ತದೆ. ತೊಡೆಯ ಹೊರಬದಿ ಜೋಮು ಹಿಡಿದು ಉರಿದರೆ ಅದು ಹೊರತೊಡೆಯ ಚರ್ಮದ ನರ. ಈ ಸೀಮೆಗಳು ಒಂದರ ಮೇಲೊಂದು ಹಾಯುತ್ತವೆ, ಆದ್ದರಿಂದ ಬಾಯಿಮಾತಿನ ವಿವರಣೆ ನಂಬಿ ನರ ಹೇಳಲಾಗದು. ಹತ್ತಿ, ತಣ್ಣನೆಯ ಚಮಚ, ಮೊಂಡು ಕಡ್ಡಿ ಮುಟ್ಟಿಸುತ್ತಾ ಎಲ್ಲಿ ಮರಗಟ್ಟಿದೆ, ಎಲ್ಲಿ ಮುಟ್ಟಿದರೆ ಸಿಡಿಯುತ್ತದೆ ಎಂದು ಚರ್ಮದ ಮೇಲೆ ಎರಡು ಬಣ್ಣದ ಪೆನ್ನಲ್ಲಿ ಗೆರೆ ಎಳೆದು ಫೋಟೋ ತೆಗೆದಿಡಬೇಕು. ಒಳ್ಳೆಯ ಪೇನ್ ಕ್ಲಿನಿಕ್ ಇದಕ್ಕೆ ಹತ್ತು ಹದಿನೈದು ನಿಮಿಷ ಕೊಡುತ್ತದೆ. ಪ್ಯಾಂಟು ಸಡಿಲಿಸಲೂ ಹೇಳದೆ ಚೀಟಿ ಬರೆದುಕೊಟ್ಟರೆ ಆ ಓಪಿಡಿಗೆ ನಮ್ಮ ಅಂಕ ಸೊನ್ನೆ, ಹವಾನಿಯಂತ್ರಿತ ಕೋಣೆಯಾದರೂ ಅಷ್ಟೇ.

ತೊಡೆಸಂದಿನಲ್ಲಿ ನೋಯುವುದೆಲ್ಲ ನರವೂ ಅಲ್ಲ. ಹರ್ನಿಯಾ ಮರುಕಳಿಸಿರಬಹುದು, ಮೆಶ್ ಮುದುಡಿ ಗಂಟಾಗಿರಬಹುದು, ಗುಹ್ಯಾಸ್ಥಿಯ ಮೇಲೆ ಹಾಕಿದ ಹೊಲಿಗೆ ಮೂಳೆಪೊರೆಯನ್ನು ಕೆರಳಿಸಿರಬಹುದು, ಸೊಂಟದ ಕೀಲು ಸವೆದಿರಬಹುದು. ಉರಿ, ಜೋಮು, ಕರೆಂಟಿನ ಹೊಡೆತ, ಮರಗಟ್ಟಿದ ಜಾಗದಲ್ಲೇ ನೋವು, ಇವೆಲ್ಲ ನರದ ಭಾಷೆ. ಭಾರವಾದ ಎಳೆತ, ಒತ್ತಿದಲ್ಲಿ ಮಾತ್ರ ನೋವು, ಸಂಜೆಗೆ ಹೆಚ್ಚಾಗುವುದು ಬೇರೆಯದು. ಡಿಎನ್4 ಎಂಬ ಹತ್ತು ಅಂಶಗಳ ಪರೀಕ್ಷೆಯಲ್ಲಿ 4 ಅಥವಾ ಹೆಚ್ಚು ಬಂದರೆ ನರನೋವಿನ ಕಡೆಗೆ ತೂಕ. ಕೆಮ್ಮಿಸಿ ನೋಡುತ್ತಾ ಮಾಡಿದ ಅಲ್ಟ್ರಾಸೌಂಡ್ ಒಂದು ಬೇಕೇ ಬೇಕು. ಎಂಆರ್‌ಐ ಅನುಮಾನ ಉಳಿದರೆ ಮಾತ್ರ. ಮೊದಲ ದಿನವೇ ಎಂಆರ್‌ಐ ಬರೆದರೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂದು ಕೇಳಿ. ಸಾಮಾನ್ಯ ಎಂಆರ್‌ಐಯಲ್ಲಿ ಈ ಸಪೂರ ನರಗಳು ಸರಿಯಾಗಿ ಕಾಣುವುದೇ ಕಷ್ಟ.

ಇನ್ನು ಮದ್ದಿನ ಅಂಗಡಿ. ಹಂಪನಕಟ್ಟೆಯಿಂದ ಕಲ್ಸಂಕದವರೆಗೆ ಯಾವ ಮೆಡಿಕಲ್‌ಗೆ ಹೋದರೂ ಈ ನೋವಿನವರ ಕೈಯಲ್ಲಿ ಕಾಣುವುದು ಎರಡು ಚೀಟಿ. ಒಂದು ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆ. ಇದು ನರನೋವಿಗೆ ನಾಟುವುದಿಲ್ಲ. ತಿಂಗಳುಗಟ್ಟಲೆ ತಿಂದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ಇನ್ನೊಂದು ಪ್ರಿಗ್ಯಾಬಲಿನ್ ಎಂಬ ನರನೋವಿನ ಮದ್ದು 75 ಮಿಲಿಗ್ರಾಂ, ಅದರ ಜೊತೆ ಮೀಥೈಲ್‌ಕೊಬಾಲಮಿನ್ 750 ಮೈಕ್ರೋಗ್ರಾಂ ಬೆರೆಸಿದ ಕ್ಯಾಪ್ಸೂಲ್. ಪ್ರಿಗ್ಯಾಬಲಿನ್ ಸರಿ, ಜೊತೆಗಿರುವ ಬಿ12 ವಿಟಮಿನ್ ಯಾಕೆ? ಬಿ12 ಕೊರತೆ ಇದ್ದವರಿಗೆ ಅದು ಬೇಕು (ಶುದ್ಧ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿನ್ನುವವರು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು), ಕೊರತೆ ಇಲ್ಲದವರಿಗೆ ಹೊಲಿಗೆಯಲ್ಲಿ ಸಿಕ್ಕ ನರವನ್ನು ವಿಟಮಿನ್ ಬಿಡಿಸುವುದಿಲ್ಲ. ಜನೌಷಧಿ ಕೇಂದ್ರದಲ್ಲಿ ಪ್ರಿಗ್ಯಾಬಲಿನ್ ಒಂಟಿಯಾಗಿ, ಬಹಳ ಅಗ್ಗಕ್ಕೆ ಸಿಗುತ್ತದೆ. ವೈದ್ಯರಲ್ಲಿ ಅದನ್ನೇ ಬರೆಯಲು ಕೇಳಬಹುದು.

ಬೆರಕೆ ಕ್ಯಾಪ್ಸೂಲಿನ ಮೇಲೆ ನಮ್ಮ ನಿಜವಾದ ತಕರಾರು ಬೇರೆ. ಪ್ರಿಗ್ಯಾಬಲಿನ್ 75ರ ಜೊತೆ ನಾರ್ಟ್ರಿಪ್ಟಿಲಿನ್ ಎಂಬ ಇನ್ನೊಂದು ನರನೋವಿನ ಮದ್ದು 10 ಮಿಲಿಗ್ರಾಂ ಸೇರಿಸಿದ್ದೂ ಧಾರಾಳವಾಗಿ ಓಡುತ್ತದೆ. ಈ ಮದ್ದುಗಳನ್ನು ಒಂದೊಂದಾಗಿ, ಮೆಟ್ಟಿಲು ಹತ್ತಿದಂತೆ ಏರಿಸಬೇಕು. ಬೆರಕೆಯಲ್ಲಿ ಒಂದನ್ನು ಏರಿಸಿದರೆ ಇನ್ನೊಂದೂ ಏರುತ್ತದೆ. ಬಾಯಿ ಒಣಗಿದ್ದು ಯಾವುದರಿಂದ, ತಲೆ ತಿರುಗಿದ್ದು ಯಾವುದರಿಂದ ಗೊತ್ತಾಗುವುದಿಲ್ಲ. ಕೊನೆಗೆ ರೋಗಿ ಎರಡನ್ನೂ ಬಿಡುತ್ತಾನೆ. ಸಾಮಾನ್ಯ ಕ್ರಮ ಹೀಗೆ (ಲೆಕ್ಕವೆಲ್ಲ ಮಿಲಿಗ್ರಾಂನಲ್ಲಿ): ಪ್ರಿಗ್ಯಾಬಲಿನ್ ರಾತ್ರಿ 75ರಿಂದ ಶುರು ಮಾಡಿ, ಕೆಲವು ದಿನಗಳ ಮೇಲೆ ದಿನಕ್ಕೆ ಎರಡು ಸಲ 75, ತಡೆದುಕೊಂಡರೆ ಎರಡು ಸಲ 150. ಅಥವಾ ಗ್ಯಾಬಪೆಂಟಿನ್ 300ರಿಂದ ಶುರು ಮಾಡಿ, ಹಂತಹಂತವಾಗಿ ದಿನಕ್ಕೆ 1800ರವರೆಗೆ, ಕೆಲವೊಮ್ಮೆ ಇನ್ನೂ ಮೇಲಕ್ಕೆ. ಕಿಡ್ನಿ ದುರ್ಬಲವಿದ್ದರೆ ಎರಡನ್ನೂ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿ ಇಳಿಸಲೇಬೇಕು. ಅಮಿಟ್ರಿಪ್ಟಿಲಿನ್ ಅಥವಾ ನಾರ್ಟ್ರಿಪ್ಟಿಲಿನ್ ರಾತ್ರಿ 10ರಿಂದ. ಪ್ರಾಸ್ಟೇಟ್ ದೊಡ್ಡದಾದ ಹಿರಿಯರಿಗೆ ಇದು ಮೂತ್ರ ಕಟ್ಟಿಸಬಹುದು, ಗ್ಲಾಕೋಮಾ ಅಥವಾ ಹೃದಯಬಡಿತದ ತೊಂದರೆ ಇದ್ದವರಿಗೂ ಎಚ್ಚರ. ಡ್ಯುಲೊಕ್ಸೆಟಿನ್ 30ರಿಂದ 60; ಅದರ ಜೊತೆ ಟ್ರಮಡಾಲ್ ಸೇರಿಸಿ ಬರೆದಿದ್ದರೆ ವೈದ್ಯರನ್ನು ಮತ್ತೊಮ್ಮೆ ಕೇಳದೆ ನುಂಗಬೇಡಿ.

2015ರಲ್ಲಿ ಪ್ರಕಟವಾದ, ಎಲ್ಲ ಬಗೆಯ ನರನೋವಿನ ಪ್ರಯೋಗಗಳನ್ನು ಒಟ್ಟು ಹಾಕಿದ ಲೆಕ್ಕವೊಂದುಂಟು. ಒಬ್ಬರಿಗೆ ನೋವು ಅರ್ಧದಷ್ಟು ಇಳಿಯಬೇಕಾದರೆ ಅಮಿಟ್ರಿಪ್ಟಿಲಿನ್ ಗುಂಪಿನ ಮದ್ದನ್ನು ಸುಮಾರು 3.6 ಮಂದಿಗೆ, ಪ್ರಿಗ್ಯಾಬಲಿನ್ ಆದರೆ 7.7 ಮಂದಿಗೆ ಕೊಡಬೇಕು. ಅಂದರೆ ಹಳೆಯ ಅಗ್ಗದ ಮಾತ್ರೆಯೇ ಮೇಲು, ಒಗ್ಗಿದರೆ. ಯಾವುದನ್ನೂ ಒಂದು ವಾರ ತಿಂದು "ಪ್ರಯೋಜನವಿಲ್ಲ" ಎನ್ನಬಾರದು. ತಡೆದುಕೊಳ್ಳುವ ಪ್ರಮಾಣಕ್ಕೆ ಏರಿಸಿದ ಮೇಲೆ ನಾಲ್ಕರಿಂದ ಆರು ವಾರ ಕೊಡಬೇಕು. ಆಮೇಲೂ ನೋವು 10ರಲ್ಲಿ 8 ಇದ್ದದ್ದು 7 ಆಗಿದೆ ಅಷ್ಟೇ ಎಂದರೆ ವರ್ಷಗಟ್ಟಲೆ ಎಳೆಯುವುದೂ ತಪ್ಪು. ಪ್ರಿಗ್ಯಾಬಲಿನ್ ಬಿಡುವಾಗ ಥಟ್ಟನೆ ನಿಲ್ಲಿಸದೆ ಕನಿಷ್ಠ ಒಂದು ವಾರ ಹಿಡಿದು ಇಳಿಸಬೇಕು. ಮೊದಲ ಎರಡು ವಾರ ತೂಕಡಿಕೆ, ತಲೆಸುತ್ತು ಗ್ಯಾರಂಟಿ ಎಂದುಕೊಳ್ಳಿ. ಮಲ್ಪೆಯಿಂದ ದೋಣಿಗೆ ಹೋಗುವವರು, ಅಡಿಕೆ ಮರ ಹತ್ತುವವರು ಆ ದಿನಗಳಲ್ಲಿ ನೆಲದ ಕೆಲಸ ನೋಡಿಕೊಳ್ಳಲಿ. ಮದ್ಯದ ಜೊತೆಗಂತೂ ಬೇಡವೇ ಬೇಡ. ಕಾಲು ಊದುವುದು, ತೂಕ ಏರುವುದು ಆಮೇಲಿನ ಕಂತು.

ಲಿಡೊಕೇನ್ 5 ಪರ್ಸೆಂಟ್ ಪ್ಯಾಚ್ ಕೇಳಲು ಚೆಂದ: ಅಂಟಿಸಿ 12 ಗಂಟೆ, ತೆಗೆದು 12 ಗಂಟೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೆ ಹರ್ನಿಯಾ ನಂತರದ ನೋವಿಗೇ ಎಂದು ಡೆನ್ಮಾರ್ಕಿನಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮದ್ದಿಲ್ಲದ ಪ್ಯಾಚಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ ನಮ್ಮ ಕರಾವಳಿಯ ಬೆವರು! ಏಪ್ರಿಲ್ ತಿಂಗಳಲ್ಲಿ ತೊಡೆಸಂದಿಯಲ್ಲಿ ಪ್ಯಾಚ್ ಎರಡು ಗಂಟೆ ನಿಂತರೆ ಪುಣ್ಯ. ಬಟ್ಟೆ ತಾಗಿದರೆ ಉರಿಯುವವರು ಒಂದು ಪ್ಯಾಕೆಟ್ ತಂದು ನೋಡಬಹುದು. ಕೂದಲನ್ನು ಬ್ಲೇಡಿನಿಂದ ಬೋಳಿಸದೆ ಕತ್ತರಿಯಲ್ಲಿ ಕತ್ತರಿಸಿ, ಚರ್ಮ ಪೂರ್ತಿ ಒಣಗಿಸಿ, ಗಾಯವಿಲ್ಲದಲ್ಲಿ ಮಾತ್ರ ಅಂಟಿಸಬೇಕು. ಮೇಲಿಂದ ಬಿಸಿನೀರ ಚೀಲ ಇಡಬಾರದು. ವಾರದಲ್ಲಿ ಲಾಭ ಕಾಣದಿದ್ದರೆ ಎರಡನೆಯ ಪ್ಯಾಕೆಟ್ ಬೇಡ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಪಟ್ಟಿಯಲ್ಲಿ ಒಂದೇ ಒಂದಕ್ಕೆ ದುಡ್ಡು ಕೊಡಿ ಎಂದರೆ ನಾವು ಬೊಟ್ಟು ಮಾಡುವುದು ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವ, ನೋವಿನ ನರವನ್ನು ಸೂಜಿಮದ್ದಿನಿಂದ ಮರಗಟ್ಟಿಸುವ ನರ್ವ್ ಬ್ಲಾಕ್‌ಗೆ. ಇದು ಚಿಕಿತ್ಸೆಯಷ್ಟೇ ಅಲ್ಲ, ತನಿಖೆ. ಯಾವ ನರ ಎಂದು ತೀರ್ಮಾನವಾಗದೆ ಮುಂದಿನ ರೇಡಿಯೋಫ್ರೀಕ್ವೆನ್ಸಿಗೂ (ವಿದ್ಯುತ್ತಿನಿಂದ ನರ ಮಣಿಸುವ ಕ್ರಮ) ಆಪರೇಷನ್ನಿಗೂ ಅರ್ಥವಿಲ್ಲ. ಪೇನ್ ಕ್ಲಿನಿಕ್ ಸಾಮಾನ್ಯವಾಗಿ ಅರಿವಳಿಕೆ ವಿಭಾಗದವರ ಕೈಯಲ್ಲಿರುತ್ತದೆ. ಸರ್ಜರಿ ಓಪಿಡಿಯಲ್ಲಿ ಕೇಳಿದರೆ ತಿಳಿಯದೇ ಹೋಗಬಹುದು. ಮಾಡುವ ಬಗೆ: ಸೊಂಟದ ಮೂಳೆಯ ಮುಂದಿನ ಮೊನೆಯಿಂದ ಹೊಕ್ಕುಳಿಗೆ ಎಳೆದ ಗೆರೆಯ ಮೇಲೆ ಪ್ರೋಬ್ ಇಟ್ಟರೆ ಹೊಟ್ಟೆಯ ಮೂರು ಸ್ನಾಯುಪದರ ಕಾಣುತ್ತವೆ. ಒಳಗಿನ ಎರಡು ಪದರಗಳ ನಡುವೆ ಇಲಿಯೋಇಂಗ್ವೈನಲ್ ಮತ್ತು ಇಲಿಯೋಹೈಪೋಗ್ಯಾಸ್ಟ್ರಿಕ್ ನರಗಳು ಅಕ್ಕಪಕ್ಕ ಓಡುತ್ತವೆ. ಅಲ್ಲಿಗೆ ಸಪೂರ ಸೂಜಿಯಲ್ಲಿ ಬುಪಿವಕೇನ್ ಅಥವಾ ರೋಪಿವಕೇನ್ ಎಂಬ ಮರಗಟ್ಟಿಸುವ ಮದ್ದು 5ರಿಂದ 10 ಮಿ.ಲೀ., ಹೆಚ್ಚಿನ ಸಲ ಅದರೊಂದಿಗೆ ಸ್ಟೀರಾಯ್ಡ್. ಚಿಕಿತ್ಸೆಗೆ ಇಷ್ಟು ಪ್ರಮಾಣ ಸರಿ. ಆದರೆ ತನಿಖೆಯೇ ಉದ್ದೇಶವಾದರೆ ಕಡಿಮೆ ಮದ್ದು ಮೇಲು. ಹೆಚ್ಚು ಹಾಕಿದಷ್ಟೂ ಪಕ್ಕದ ನರಕ್ಕೆ ಹರಡಿ ಉತ್ತರ ಕಲಸಿಹೋಗುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು, ನೋವಿನ ಮಾತ್ರೆ ನುಂಗಿ ನೋವೇ ಇಲ್ಲದ ಹೊತ್ತಿಗೆ ಮಂಚ ಹತ್ತುವುದು. ಆ ದಿನ ನೋವು ಇರಲೇಬೇಕು, ಇಲ್ಲದಿದ್ದರೆ ಇಳಿಯಿತೋ ಇಲ್ಲವೋ ಹೇಳುವುದು ಹೇಗೆ? ಎರಡನೆಯದು, ಸೂಜಿ ಚುಚ್ಚಿ "ಹದಿನೈದು ದಿನ ಬಿಟ್ಟು ಬನ್ನಿ" ಎಂದು ಕಳಿಸುವುದು. ತನಿಖೆ ಇರುವುದೇ ಮೊದಲ ಆರು ಗಂಟೆಯಲ್ಲಿ. ಸೂಜಿಗೆ ಮೊದಲು, ಆಮೇಲೆ 30 ನಿಮಿಷಕ್ಕೆ, 1, 2, 4, 6, 12, 24 ಗಂಟೆಗೆ, ಮುಂದೆ ಎರಡು ವಾರ ದಿನಕ್ಕೊಂದು ಸಲ 10ರಲ್ಲಿ ಎಷ್ಟು ಎಂದು ಬರೆದಿಡಬೇಕು. ಸುಮ್ಮನೆ ಮಲಗಿ ಬರೆದದ್ದಕ್ಕೆ ಬೆಲೆ ಇಲ್ಲ. ಯಾವ ಕೆಲಸಕ್ಕೆ ನೋವು ಏಳುತ್ತದೋ, ಚಕ್ಕಳಮಕ್ಕಳ ಕೂರುವುದೋ ಮೆಟ್ಟಿಲೋ ಬಗ್ಗುವುದೋ, ಅದನ್ನೇ ಮಾಡಿ ಬರೆಯಿರಿ. ಜೊತೆಗೆ ಪೆನ್ನಿನ ಗೆರೆಯೊಳಗೆ ಚರ್ಮ ಮರಗಟ್ಟಿತೋ ಎಂಬುದನ್ನೂ.

ಓದುವುದು ಹೀಗೆ. ಚರ್ಮ ಮರಗಟ್ಟಿತು, ನೋವು ಅರ್ಧಕ್ಕಿಂತ ಕೆಳಗಿಳಿಯಿತು: ನರ ಸಿಕ್ಕಿದೆ, ಇನ್ನೊಂದು ದಿನ ಮತ್ತೆ ಮಾಡಿ ಖಾತ್ರಿಪಡಿಸಿಕೊಳ್ಳಬೇಕು. ಮರಗಟ್ಟಿತು, ನೋವು ಹಾಗೆಯೇ ಇದೆ: ಆ ನರದ ತಪ್ಪಲ್ಲ, ಮೆಶ್, ಕೀಲು, ಬೆನ್ನು ಹುಡುಕಬೇಕು. ಮರಗಟ್ಟಲೇ ಇಲ್ಲ: ಸೂಜಿ ತಪ್ಪಿದೆ, ಆ ಬ್ಲಾಕ್ ಲೆಕ್ಕಕ್ಕಿಲ್ಲ. ಈ ಮೂರನೆಯದನ್ನೇ ಎರಡನೆಯದೆಂದು ಬರೆದು "ಬ್ಲಾಕ್ ಫೇಲ್" ಎಂದು ಫೈಲು ಮುಚ್ಚುವುದು ಬಹಳ ಕಡೆ ನಡೆಯುತ್ತದೆ. ಅಲ್ಲಿಗೆ ಆ ರೋಗಿಯ ದಾರಿಯೂ ಮುಚ್ಚಿದ ಹಾಗೆ.

ಇನ್ನೊಂದು ತಾಂತ್ರಿಕ ತಪ್ಪು ಲ್ಯಾಪ್ರೋಸ್ಕೋಪಿ ಆದವರಿಗೆ ತಟ್ಟುತ್ತದೆ. ನರ ಎಲ್ಲಿ ಪೆಟ್ಟಾಗಿದೆಯೋ ಅದಕ್ಕಿಂತ ಮೇಲೆ, ಬೆನ್ನಿನ ಕಡೆಗೆ ಸೂಜಿ ಬೀಳಬೇಕು. ತೆರೆದ ಆಪರೇಷನ್ನಿನಲ್ಲಿ ಪೆಟ್ಟು ತೊಡೆಸಂದಿನ ಕಾಲುವೆಯೊಳಗೆ, ಹಾಗಾಗಿ ಸೊಂಟಮೂಳೆಯ ಬಳಿ ಕೊಟ್ಟ ಬ್ಲಾಕ್ ತಲುಪುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಮೆಶ್ ಹಿಂಭಾಗದಲ್ಲಿ ಕೂರುತ್ತದೆ, ಜೆನಿಟೋಫೆಮೊರಲ್ ನರಕ್ಕೆ ಪೆಟ್ಟು ಅಲ್ಲೇ. ಮುಂದಿನಿಂದ ಕೊಟ್ಟ ಸೂಜಿ ಅದನ್ನು ದಾಟಿ ಕೆಳಗೆ ಬೀಳುತ್ತದೆ. ಅಂಥವರಿಗೆ ಬೆನ್ನುಮೂಳೆಯ ಎಲ್1, ಎಲ್2 (ಸೊಂಟಭಾಗದ ಮೊದಲೆರಡು ಮೂಳೆ) ಮಟ್ಟದಲ್ಲಿ ಬ್ಲಾಕ್ ಕೊಡುವ ಯೋಚನೆ ಮಾಡಬೇಕಾಗುತ್ತದೆ. ಆಪರೇಷನ್ ನೋಟ್ಸ್ ಕೇಳದೆ ಎಲ್ಲರಿಗೂ ಒಂದೇ ಬ್ಲಾಕ್ ಕೊಡುವ ಕ್ಲಿನಿಕ್‌ಗೆ ಅಂಕ ಕಳೆಯಲು ಇದೇ ಕಾರಣ.

ಅಪಾಯ ಕಡಿಮೆ, ಇಲ್ಲವೆಂದಲ್ಲ. ಮದ್ದು ಕೆಳಗೆ ಹರಿದು ತೊಡೆಯ ದೊಡ್ಡ ನರಕ್ಕೆ ತಾಗಿದರೆ ಕೆಲವು ಗಂಟೆ ಮಂಡಿ ನಿಲ್ಲುವುದಿಲ್ಲ. ಸ್ಕೂಟರಿನಲ್ಲಿ ಒಬ್ಬರೇ ಬರಬೇಡಿ. ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡಿನಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲಿ ಗ್ಲೂಕೋಮೀಟರ್ ಇರಲಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಲೂಬಾರದು. ಮರಗಟ್ಟಿಸುವ ಮದ್ದು ಗಂಟೆಗಳಲ್ಲಿ ಇಳಿದು ನೋವು ಮರಳುತ್ತದೆ, ಸ್ಟೀರಾಯ್ಡಿನ ಗುಣ ಕಾಣಲು ಮತ್ತೆ ಕೆಲವು ದಿನ ಬೇಕು. ನಡುವಿನ ಆ ದಿನಗಳಲ್ಲಿ ನಿರಾಶರಾಗುವವರೇ ಹೆಚ್ಚು.

ಬ್ಲಾಕ್ ಪ್ರತಿ ಸಲ ಕೆಲಸ ಮಾಡಿ ವಾರಗಳಲ್ಲೇ ಇಳಿದುಹೋಗುತ್ತಿದ್ದರೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ ಎಂಬ ಮೆಟ್ಟಿಲಿದೆ. ಸೂಜಿಯ ತುದಿಯನ್ನು 42 ಡಿಗ್ರಿ ದಾಟಿಸದೆ, ಸಾಮಾನ್ಯವಾಗಿ 120 ಸೆಕೆಂಡಿನ ಸುತ್ತುಗಳಲ್ಲಿ, ನರವನ್ನು ಸುಡದೆ ಮಣಿಸುವ ಕ್ರಮ. ಮೊದಲು ಸಣ್ಣ ವಿದ್ಯುತ್ತು ಹಾಯಿಸಿ "ನಿಮ್ಮ ನೋವಿನ ಜಾಗದಲ್ಲೇ ಜುಮ್ಮೆನ್ನುತ್ತದೆಯೇ" ಎಂದು ಕೇಳಲೇಬೇಕು. ಅದಕ್ಕಾಗಿ ರೋಗಿ ಎಚ್ಚರವಿರಬೇಕು. ಪೂರ್ತಿ ಮಲಗಿಸಿ ಮಾಡುತ್ತೇವೆ ಎಂದರೆ ಹಿಂಜರಿಯಿರಿ. ಇದಕ್ಕಿರುವ ಪುರಾವೆ ಸಣ್ಣ ಸಣ್ಣ ಅಧ್ಯಯನಗಳದ್ದು, ತಿಂಗಳುಗಳ ಉಪಶಮನ ಸಿಕ್ಕರೆ ಲಾಭ ಎಂದು ತಿಳಿಯಬೇಕು. ಆಲ್ಕೋಹಾಲ್, ಫೀನಾಲ್ ಚುಚ್ಚಿ ನರ ಸುಡುವುದನ್ನು ಈ ನೋವಿಗೆ ನಾವು ಒಪ್ಪುವುದಿಲ್ಲ, ಅರೆಸತ್ತ ನರ ಮೊದಲಿಗಿಂತ ಹೆಚ್ಚು ಉರಿಯಬಹುದು. ನರಕ್ಕೆ ವಿದ್ಯುತ್ತು ಕೊಡುವ ಇಂಪ್ಲಾಂಟ್‌ಗಳು ಲಕ್ಷಗಳ ಬಾಬತ್ತು, ಎಲ್ಲ ಮುಗಿದ ಮೇಲಿನ ಮಾತು.

ಫಿಸಿಯೋಥೆರಪಿಯನ್ನು ಜನ ಕಡೆಗಣಿಸುತ್ತಾರೆ. ಬಟ್ಟೆ ತಾಗಿದರೆ ಸಿಡಿಯುವ ಚರ್ಮಕ್ಕೆ ರೇಷ್ಮೆ, ಹತ್ತಿ, ಕೊನೆಗೆ ಒರಟು ಟವಲು ಎಂದು ದಿನಕ್ಕೆ ಮೂರ್ನಾಲ್ಕು ಸಲ ಐದು ನಿಮಿಷ ಸವರಿ ಒಗ್ಗಿಸುವುದು ಪುಕ್ಕಟೆ ಮದ್ದು. ಮಲಬದ್ಧತೆ ಮತ್ತು ಕೆಮ್ಮು ತಡೆಯುವುದೂ ಅಷ್ಟೇ ಮುಖ್ಯ. ಚರ್ಮದ ಮೇಲಿಂದ ಸಣ್ಣ ವಿದ್ಯುತ್ತು ಕೊಡುವ ಟೆನ್ಸ್ ಯಂತ್ರ ಕೊಳ್ಳುವ ಮೊದಲು ಫಿಸಿಯೋ ವಿಭಾಗದಲ್ಲಿ ನಾಲ್ಕೈದು ಸಲ ಹಾಕಿಸಿ ನೋಡಿ. ಪೇಸ್‌ಮೇಕರ್ ಇದ್ದವರಿಗೆ ಬೇಡ.

ಆಪರೇಷನ್ ಕೊನೆಯದು, ಆದರೆ ಹೆದರಿ ಬಿಡುವಂಥದ್ದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 54 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂಜಿಮದ್ದಿನಿಂದ ಶೇ. 22 ಮಂದಿಗೆ, ನರ ಕತ್ತರಿಸಿದ್ದರಿಂದ ಶೇ. 71 ಮಂದಿಗೆ ಗುಣ ಕಂಡಿತು. ಮೊದಲ ಆಪರೇಷನ್ ಆಗಿ ಕನಿಷ್ಠ 6 ತಿಂಗಳು ಕಳೆದಿರಬೇಕು, ಬ್ಲಾಕಿಗೆ ಸ್ಪಷ್ಟ ಉತ್ತರ ಬಂದಿರಬೇಕು. ಲಾಸ್ ಏಂಜಲೀಸ್‌ನ ಲಿಕ್ಟನ್‌ಸ್ಟೈನ್ ಹರ್ನಿಯಾ ಸಂಸ್ಥೆಯ ಪರ್ವಿಜ್ ಅಮಿದ್ ಬಳಕೆಗೆ ತಂದ ಕ್ರಮದಲ್ಲಿ ಮೂರೂ ನರಗಳನ್ನು ಕತ್ತರಿಸಿ ತುದಿಯನ್ನು ಸ್ನಾಯುವಿನೊಳಗೆ ಹುದುಗಿಸುತ್ತಾರೆ. ಹಿಂಭಾಗದಿಂದ ಲ್ಯಾಪ್ರೋಸ್ಕೋಪಿಯಲ್ಲೂ ಮಾಡುತ್ತಾರೆ. ಬೆಲೆ ತೆರಬೇಕು: ಆ ಜಾಗ ಶಾಶ್ವತವಾಗಿ ಮರಗಟ್ಟುತ್ತದೆ, ಹಿಂಭಾಗದಿಂದ ಮಾಡಿದರೆ ಪಕ್ಕೆಹೊಟ್ಟೆ ಸ್ವಲ್ಪ ಜೋತುಬೀಳಬಹುದು, ಮೆಶ್ ತೆಗೆಯಲು ಹೋದರೆ ವೃಷಣದ ರಕ್ತನಾಳಕ್ಕೆ ಅಪಾಯ. ವೃಷಣದೊಳಗಿನ ಆಳದ ನೋವು ಬೇರೆ ನರಜಾಲದ್ದು, ಮೂರು ನರ ಕತ್ತರಿಸಿದರೂ ಅದು ಹೋಗದಿರಬಹುದು. ಚರ್ಮದ ಉರಿಯೋ ಒಳಗಿನ ನೋವೋ ಎಂದು ಮೊದಲೇ ಬಿಡಿಸಿಕೊಳ್ಳಿ. ಸರ್ಜನ್‌ರನ್ನು ಕೇಳಬೇಕಾದದ್ದು: ಹರ್ನಿಯಾ ಎಷ್ಟು ಮಾಡಿದ್ದೀರಿ ಎಂದಲ್ಲ, ಈ ನರದ ಆಪರೇಷನ್ ಎಷ್ಟು ಮಾಡಿದ್ದೀರಿ, ಕತ್ತರಿಸಿದ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸುತ್ತೀರಾ. ತೆಗೆದದ್ದು ನರವೇ ಎಂದು ರಿಪೋರ್ಟ್ ಹೇಳಬೇಕು. ಅನುಭವ ಕಡಿಮೆ ಎಂದು ಒಪ್ಪಿ ಬೆಂಗಳೂರಿಗೋ ಬೇರೆಡೆಗೋ ಕಳಿಸುವ ಸರ್ಜನ್‌ಗೆ ನಾವು ಪೂರ್ತಿ ಅಂಕ ಕೊಡುತ್ತೇವೆ.

ದುಡ್ಡಿನ ಮಾತು: ಬ್ಲಾಕ್ ಅನ್ನು ಓಪಿಡಿ ಬಿಲ್ಲಿನಲ್ಲಿ ಹಾಕಿದರೆ ಹೆಚ್ಚಿನ ವಿಮೆಗಳು ಕೊಡುವುದಿಲ್ಲ, ಡೇ ಕೇರ್ ದಾಖಲಾತಿ ಆಗುತ್ತದೆಯೇ, ಪಾಲಿಸಿ ಅದನ್ನು ಒಪ್ಪುತ್ತದೆಯೇ ಎಂದು ದಿನ ಗೊತ್ತು ಮಾಡುವ ಮೊದಲೇ ವಿಚಾರಿಸಿ. ಗಂಟು ಉಬ್ಬಿ ಒಳಗೆ ಹೋಗದೆ ವಾಂತಿ ಬಂದರೆ, ಗಾಯ ಕೆಂಪಾಗಿ ಜ್ವರ ಬಂದರೆ ಪೇನ್ ಕ್ಲಿನಿಕ್ ಅಲ್ಲ, ನೇರ ಎಮರ್ಜೆನ್ಸಿ.

ಉಳಿದವರು ಮಣಿಪಾಲದ ಬಸ್ಸು ಹತ್ತುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: "ಪೇನ್ ಕ್ಲಿನಿಕ್ ಯಾವ ವಾರ?" ಮತ್ತು "ಇಲಿಯೋಇಂಗ್ವೈನಲ್ ಬ್ಲಾಕ್ ಅಲ್ಟ್ರಾಸೌಂಡ್ ನೋಡಿಕೊಂಡು ಮಾಡ್ತೀರಾ?" ಎರಡನೆಯದಕ್ಕೆ "ಬನ್ನಿ, ನೋಡುವ" ಎಂದಷ್ಟೇ ಉತ್ತರ ಬಂದರೆ ಲೈನನ್ನು ಅರಿವಳಿಕೆ ವಿಭಾಗಕ್ಕೆ ಕೊಡಲು ಹೇಳಿ. ಹೋಗುವ ದಿನ ಆಪರೇಷನ್ ನೋಟ್ಸ್, ತಿಂದ ಮದ್ದುಗಳ ಪಟ್ಟಿ ಪ್ರಮಾಣ ಸಹಿತ, ಪೆನ್ನಿನ ಗೆರೆಯ ಫೋಟೋ, ಮತ್ತು ವಾಪಸು ಕರೆತರಲು ಒಬ್ಬರು ಜೊತೆಗಿರಲಿ.